ಹೇಳಿ ಹಾರಿಸುವ ವಿಮಾನ

ಬಸ್ಸಿನಲ್ಲಿ ಕಿಟಕಿ ಪಕ್ಕದ ಜಾಗವನ್ನು ವೈಜನಾಥ ಕಾಕಾ ಸದಾ ವಿಮಾನಕ್ಕೆ ಬಿಟ್ಟುಕೊಡುತ್ತಿದ್ದರು. ಹಳೆಯ ಧೋತರದಲ್ಲಿ ಸುತ್ತಿದ ರೆಕ್ಕೆಗೆ ಗಾಳಿ ಬೇಕಂತೆ. ಜೀವನವಿಡೀ ರೋಡ್ ರೋಲರ್ ಓಡಿಸಿ, ನಿವೃತ್ತಿಯ ನಂತರ ನೆಲದ ಸಂಬಂಧ ಕಡಿದುಕೊಳ್ಳಲು ಹೊರಟವರು ಅವರು. ಬೀದರದ ಆಕಾಶ ವಾಯುಪಡೆಗೆ ಸೇರಿದ್ದರಿಂದ, ಅಲ್ಲಿನ ಚಿದ್ರಿ ಬಡಾವಣೆಯ ಮನೆಯಲ್ಲಿ ಕಟ್ಟಿದ, ರೇಡಿಯೋ ನಿಯಂತ್ರಣದ ಪುಟ್ಟ ವಿಮಾನ ಔರಾದದ ಬಯಲಿಗೆ ಹೋಗಿಯೇ ಹಾರಬೇಕಿತ್ತು. ನಾನು ಅವರ ಏಕೈಕ ಶಿಷ್ಯ.

"ಮೊದಲ ಕೈಯಾಗಿನ ಪೆಟ್ಟಿಗಿ ಚಾಲೂ ಮಾಡು, ಆಮ್ಯಾಲ ವಿಮಾನ. ಬಂದ್ ಮಾಡುವಾಗ ಉಲ್ಟಾ. ಗಾಳಿಗಿ ಎದುರು ಏರಸು. ಮಂದಿ ಎಲ್ಲಾ ನಿನ್ನ ಬೆನ್ನ ಹಿಂದ ಇರಬೇಕು."

ಇದೆಲ್ಲಕ್ಕೂ ಮೊದಲು ಸುತ್ತಲಿನ ಹೊಲಗಳಿಗೆ ಹೋಗಿ ವಿಮಾನ ಹಾರಿಸುವ ಸುದ್ದಿ ಹೇಳಿ ಬರಬೇಕು. ನಿಜಾಮನ ರಾಜ್ಯಕ್ಕೆ ಸೇನೆ ನುಗ್ಗಿದ ೧೯೪೮ರ ಪೋಲೀಸ್ ಆ್ಯಕ್ಷನ್ ಕಾಲಕ್ಕೆ ಕಾಕಾ ಭಾತಂಬ್ರಾದಲ್ಲಿ ಸಣ್ಣ ಹುಡುಗ. ತಲೆಯ ಮೇಲೆ ವಿಮಾನ ಬಂದಾಗ ಅವ್ವ ಅವರನ್ನು ಕಾಳು ತುಂಬುವ ನೆಲಗುಂಡಿಯಾದ ಖಾಲಿ ಹಗೇವಿಗಿಳಿಸಿ, ತಾನು ಅದರ ಬಾಯಿಗೆ ಮುಚ್ಚಳದಂತೆ ಕೂತಿದ್ದಳು.

"ಅದು ಯಾರದು, ಯಾಕ ಬಂತು, ಯಾರೂ ಹೇಳಲಿಲ್ಲ. ನಮ್ಮ ವಿಮಾನಕ್ಕ ಅಂಜಿ ಒಬ್ಬರು ಓಡಿದ್ರೂ ಇದನ್ನ ಒಲಿಗಿ ಹಾಕ್ತೇನಿ ನೋಡು."

ನಾನು ಮೊದಲ ಬಾರಿ ಒಬ್ಬನೇ ಹಾರಿಸುವ ದಿನ, ಎಂಜಿನ್ ಗುಡುಗಿದ್ದೇ ತಡ, ಆಗಷ್ಟೇ ಕುರಿ ಹೊಡೆದುಕೊಂಡು ಬಂದ ಕಾಕಾನ ಓರಗೆಯ ಮುದುಕಿಯೊಬ್ಬಳು ಸೆರಗು ಹೊದ್ದು ಗಿಡದ ಬುಡಕ್ಕೆ ಓಡಿದಳು. ಕಾಕಾನ ಮುಖ ಬೂದಿಬಣ್ಣಕ್ಕೆ ತಿರುಗಿತು. ಎಂಜಿನ್ ಬಂದ್ ಮಾಡಿ, ವಿಮಾನವನ್ನೇ ಎತ್ತಿಕೊಂಡು ಆಕೆಯ ಬಳಿ ಹೋದರು. ಹಿಂದೆ ನಾನು.

"ಅಕ್ಕಾ, ಅಂಜಬ್ಯಾಡ್ರಿ. ಇದು ಆಟದ್ದು."

"ಒಳಗ ಯಾರ ಕೂತಾರ?"

"ಯಾರೂ ಇಲ್ರಿ."

"ಹಂಗಾರ ಕುರಿ ಮ್ಯಾಲ ಬಿದ್ರ ಯಾರಿಗಿ ಬೈಲಿ?"

ಕಾಕಾ ಗಂಭೀರವಾಗಿ ನನ್ನತ್ತ ಬೆರಳು ತೋರಿದರು. "ಇವನಿಗಿ ಬೈರಿ. ಕಲಿಸಿದವ ನಾ, ನನಗೂ ಬೈರಿ. ಈಗ ನೀವೇ ಹೇಳ್ರಿ, ಹಾರಸ್ಲೋ, ಒಲಿಗಿ ಹಾಕ್ಲೋ?"

ಮುದುಕಿ ರೆಕ್ಕೆ ಮುಟ್ಟಿ ನೋಡಿದಳು. "ಕಷ್ಟಪಟ್ಟು ಮಾಡೀರಿ. ಹಾರಸ್ರಿ, ನೋಡ್ತೇನಿ."

ಕುರಿಗಳ ಸಮೇತ ನಮ್ಮ ಬೆನ್ನ ಹಿಂದೆ ಬಂದು ಕೂತಳು. ವಿಮಾನ ಏರಿತು, ತಿರುಗಿತು, ನನ್ನ ಎದುರಿಗೇ ಬರತೊಡಗಿತು. ಎಡ ಬಲಗಳು ಅದಲುಬದಲಾಗಿ ಯಾವ ಕಡೆ ತಿರುಗಿಸಬೇಕೋ ತಿಳಿಯದಾಯಿತು. "ಯಾವ ರೆಕ್ಕಿ ಬೀಳ್ತದ, ಪೆಟ್ಟಿಗಿ ಮ್ಯಾಲಿನ ಕಡ್ಡಿ ಆ ಕಡಿ ನೂಕು," ಎಂದರು ಕಾಕಾ, ಕೈ ಹಾಕಲಿಲ್ಲ. ನೂಕಿದೆ. ವಿಮಾನ ಸಾವರಿಸಿಕೊಂಡು ಕುಪ್ಪಳಿಸುತ್ತ ಇಳಿಯಿತು.

"ನಮ್ಮ ಟಗರು ಇದಕ್ಕಿಂತ ಚಂದ ಜಿಗಿತದ," ಎಂದಳು ಮುದುಕಿ. ಕಾಕಾ ಅದನ್ನು ಘನ ಪ್ರಶಸ್ತಿಯೆಂದು ಕೈಮುಗಿದು ಸ್ವೀಕರಿಸಿದರು.

ನಾವು ಕೊನೆಯ ಸಲ ಹೋದಾಗ ಅವರಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಸದ್ದು ಕೇಳುತ್ತ ಕೂತಿದ್ದರು.

"ಹೊಲದಾಗ ಮಂದಿ ಏನ ಮಾಡ್ಲಕತ್ತಾರ?"

"ಕಳೆ ತೆಗೀಲಕತ್ತಾರ್ರಿ ಕಾಕಾ. ಒಬ್ಬರೂ ತಲಿ ಎತ್ತಿಲ್ಲ."

ಅವರು ಚಪ್ಪಲಿ ಬಿಟ್ಟು ಕಾಲು ಚಾಚಿದರು. "ಹಂಗಾರ ಇನ್ನೊಂದ ಸುತ್ತ ಹೊಡಿ."