ಕೋಡ್ ಓದಿ ಹೇಳಿದ ದನಿ

ಆ ವಾರ ನನಗೆ ಊಟವೇ ರುಚಿಸಿರಲಿಲ್ಲ. ರಾಯಚೂರಿನ ಕಾಲೇಜೊಂದರಲ್ಲಿ ಪ್ರೋಗ್ರಾಮಿಂಗ್ ಕಲಿಸುವ ನಾನು, ಮಾನ್ವಿಯ ಅಕ್ಕಿ ಗಿರಣಿಯೊಂದಕ್ಕೆ ಸಣ್ಣ ಯಂತ್ರವೊಂದನ್ನು ಮಾಡಿಕೊಟ್ಟಿದ್ದೆ. ಹಸಿ ಭತ್ತವನ್ನು ಬಿಸಿಗಾಳಿಯಲ್ಲಿ ಒಣಗಿಸುವಾಗ ಕಾವು ಮಿತಿ ಮೀರಿದರೆ ಸೈರನ್ ಕೂಗಬೇಕು, ಅಷ್ಟೇ ಅದರ ಕೆಲಸ. ಕಾಲೇಜಿನಲ್ಲಿ ಪರೀಕ್ಷಿಸಿದಾಗ ಚೆನ್ನಾಗಿಯೇ ಕೂಗಿತ್ತು. ಕೊಡುವ ಹಿಂದಿನ ದಿನ ಹುಮ್ಮಸ್ಸಿನಲ್ಲಿ ಕೋಡನ್ನು ಒಂದಿಷ್ಟು ಚೊಕ್ಕ ಮಾಡಿದೆ. ಮಾನ್ವಿಗೆ ಹೋದ ಮೇಲೆ ಅದಕ್ಕೆ ದನಿಯೇ ಇಲ್ಲ!

ಗಿರಣಿ ಮಾಲೀಕರು ದಿನಾ ಫೋನ್ ಮಾಡುತ್ತಿದ್ದರು. "ಮೇಡಂ, ಭತ್ತ ಮುಟ್ಟಿದ್ರ ಕೈ ಚುರ್ ಅನ್ನಾಕತ್ತದ, ನಿಮ್ಮ ಸೈರನ್ ಬಾಯೇ ಬಿಡವಲ್ದು. ಇನ್ನೂ ಕಾದ್ರ ಅಕ್ಕಿ ಒಡದು ನುಚ್ಚಾಗತದ ನೋಡ್ರಿ."

ವೈರು ಬದಲಿಸಿದೆ. ಥರ್ಮಾಮೀಟರ್ ಬದಲಿಸಿದೆ. ಕೋಡನ್ನು ಪ್ರಿಂಟ್ ತೆಗೆದು ಸಾಲುಸಾಲಿನ ಕೆಳಗೂ ಗೆರೆ ಎಳೆಯುತ್ತ ಓದಿದೆ. ತಪ್ಪು ಕಾಣಲಿಲ್ಲ.

ಭಾನುವಾರ ಬೆಳಿಗ್ಗೆ ನನ್ನ ಹಾಸ್ಟೆಲ್ ಗೆಳತಿ ಮನೆಗೆ ಬಂದಳು. ಮಸರಕಲ್‌ನ ಕೂಲಿ ಕುಟುಂಬದವಳು, ಹುಟ್ಟಿನಿಂದ ಕಣ್ಣು ಕಾಣದು. ಈಗ ದೇವದುರ್ಗದ ಕಚೇರಿಯೊಂದರಲ್ಲಿ ಗುಮಾಸ್ತೆ. ಪರದೆಯ ಮೇಲಿನ ಅಕ್ಷರಗಳನ್ನು ದನಿಯಾಗಿಸಿ ಓದುವ ತಂತ್ರಾಂಶ ಅವಳ ಲ್ಯಾಪ್‌ಟಾಪಿನಲ್ಲಿತ್ತು. ಅದನ್ನೇ ಕೇಳುತ್ತ ಕಚೇರಿ ಕೆಲಸ ಮಾಡುತ್ತಿದ್ದಳು, ತನ್ನ ಪಾಡಿಗೆ ಪ್ರೋಗ್ರಾಮಿಂಗನ್ನೂ ಕಲಿತಿದ್ದಳು. ಚಹಾ ಕೊಟ್ಟು ನನ್ನ ಗೋಳು ಹೇಳಿಕೊಂಡೆ.

"ಎಷ್ಟ್ ಸಲ ಓದೀದಿ?"

"ಬಾಯಿಪಾಠ ಆಗ್ಯಾದ ಬೇ."

"ಅದಕ್ಕ ಸಿಗವಲ್ದು. ನೀ ಬರದಿದ್ದನ್ನ ಓದಾಕತ್ತಿಲ್ಲ, ಬರೀಬೇಕಂತ ಅನ್ಕೊಂಡಿದ್ದನ್ನ ಓದಾಕತ್ತೀದಿ. ನನ್ನ ಲ್ಯಾಪ್‌ಟಾಪಿಗೆ ಹಾಕು."

ಹಾಕಿಕೊಟ್ಟೆ. ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಳು. ಹತ್ತಿರ ಕಿವಿಯಿಟ್ಟರೆ ನನಗೆ ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂತೆ ಚಟಪಟ ಎನ್ನುವುದಷ್ಟೇ ಕೇಳಿಸಿತು, ಅಷ್ಟು ವೇಗ. ನಡುನಡುವೆ ಟುಂಯ್ ಎಂಬ ಸದ್ದು. ಕೋಡಿನ ಸಾಲು ಎಡ ಅಂಚಿನಿಂದ ಒಳಗೆ ಸರಿದಷ್ಟೂ ಆ ಸದ್ದಿನ ಸ್ವರ ಮೇಲೇರುತ್ತದಂತೆ. ಅವಳು ತಟ್ಟನೆ ನಿಲ್ಲಿಸಿದಳು.

"ಟಿ ಒನ್ ಅಂದ್ರ ಏನು?"

"ಥರ್ಮಾಮೀಟರ್ ತೋರಿಸೋ ಕಾವು."

"ಅದನ್ನ ಯಾವುದರ ಜೋಡಿ ಹೋಲಿಸೀದಿ?"

"ಟಿ ಎಲ್ ಜೋಡಿ. ಎಲ್ ಅಂದ್ರ ಲಿಮಿಟ್, ಮಿತಿ."

ಅವಳಿಗೆ ನಗು ತಡೆಯಲಾಗಲಿಲ್ಲ. "ಎಲ್ ಎಲ್ಲಿ ಅದ? ಕೇಳಿಲ್ಲೆ." ಇಯರ್‌ಫೋನ್ ಕಿತ್ತು, ವೇಗ ಇಳಿಸಿದಳು. ಏರಿಳಿತವಿಲ್ಲದ ಆ ದನಿ ನಿಧಾನವಾಗಿ ಓದಿತು: "ಇಫ್ ಟಿ ಒನ್ ಗ್ರೇಟರ್ ದ್ಯಾನ್ ಟಿ ಒನ್."

"ಒಂದು ಒಂದಕ್ಕಿಂತ ದೊಡ್ಡದು ಯಾವಾಗ ಆಗಬೇಕು? ನಿನ್ನ ಸೈರನ್ ಯಾವಾಗ ಕೂಗಬೇಕು?"

ಪರದೆಗೆ ಮೂಗು ತಾಗಿಸಿ ನೋಡಿದೆ. ಆಗಲೂ ನನ್ನ ಕಣ್ಣಿಗದು ಎಲ್ ಎಂದೇ ಕಂಡಿತು! ಇಂಗ್ಲಿಷಿನ ಸಣ್ಣ ಎಲ್ ಅಕ್ಷರವೂ ಒಂದರ ಅಂಕಿಯೂ ಒಂದೊಂದು ನೆಟ್ಟನೆಯ ಗೀಟು. ಚೊಕ್ಕ ಮಾಡುವ ಭರದಲ್ಲಿ ಎಲ್ ಬದಲು ಒಂದನ್ನು ಒತ್ತಿದ್ದೆ. ಕಾವನ್ನು ಅದೇ ಕಾವಿನ ಜೊತೆ ಹೋಲಿಸುತ್ತ ಕುಳಿತ ಯಂತ್ರ ಕೂಗುವುದಾದರೂ ಹೇಗೆ? ಗೆಳತಿಯನ್ನು ಎಷ್ಟು ಜೋರಾಗಿ ತಬ್ಬಿಕೊಂಡೆನೆಂದರೆ ಅವಳ ಚಹಾ ಇಬ್ಬರ ಸೀರೆಗೂ ಚೆಲ್ಲಿತು.

ಮರುದಿನದವರೆಗೆ ಕಾಯುವ ತಾಳ್ಮೆ ಇಬ್ಬರಿಗೂ ಇರಲಿಲ್ಲ. ಸಿಕ್ಕ ಬಸ್ಸು ಹತ್ತಿ ಮಾನ್ವಿಗೆ ಹೋದೆವು. ಸುಗ್ಗಿಯ ದಿನಗಳಾದ್ದರಿಂದ ಗಿರಣಿ ನಡೆಯುತ್ತಿತ್ತು. ಹೊಸ ಕೋಡ್ ಹಾಕಿ, ಬಿಸಿಗಾಳಿ ಬಿಟ್ಟು ನಿಂತೆವು. ಅಂಕಿ ಏರತೊಡಗಿತು. ನಾನು ಗೆಳತಿಯ ಕೈ ಹಿಸುಕುತ್ತ ಒಂದೊಂದನ್ನೂ ಜೋರಾಗಿ ಓದಿ ಹೇಳುತ್ತಿದ್ದೆ. ಮಿತಿ ದಾಟಿತು. ಸೈರನ್ ಹೊಡೆದುಕೊಂಡ ಅಬ್ಬರಕ್ಕೆ ತೊಲೆಯ ಮೇಲಿನ ಪಾರಿವಾಳಗಳೆಲ್ಲ ಹಾರಿಹೋದವು. ಚೀಲ ಹೊಲಿಯುತ್ತಿದ್ದ ಹೆಂಗಸರು ಸೂಜಿ ಬಿಟ್ಟು ಎದ್ದರು.

"ಶಿವನೇ! ಸಾಕು ಮಾಡ್ರಿ, ಕಿವಿ ಹೋದವು!" ಎಂದು ಮಾಲೀಕರು ಕೂಗಿದರು. ಹಣೆಯ ವಿಭೂತಿ ಬೆವರಿಗೆ ಇಳಿಯುತ್ತಿದ್ದರೂ ಮುಖ ಅರಳಿತ್ತು. "ತಪ್ಪು ಎಲ್ಲಿತ್ರಿ?"

"ಇವರು ಹಿಡದ್ರು ನೋಡ್ರಿ, ಕೇಳಿ ಹಿಡದ್ರು."

"ಕೇಳಿ?"

"ಹೂನ್ರಿ ಯಪ್ಪಾ," ಎಂದಳು ಗೆಳತಿ. "ಕಣ್ಣಿದ್ದವರು ನೋಡಿ ನೋಡಿ ಸುಮ್ಮನ ಬ್ಯಾಸರ ಮಾಡ್ಕೋತಾರ."

ಸೋಮವಾರವೇ ಆ ತಂತ್ರಾಂಶವನ್ನು ಕಾಲೇಜಿನ ಲ್ಯಾಬಿಗೆ ಹಾಕಿಸಿದೆ. ಮೊದಲು ಮಕ್ಕಳು ಆ ದನಿಯನ್ನು ಅಣಕಿಸಿ ನಕ್ಕರು. ಅಷ್ಟರಲ್ಲಿ ಮೂಲೆಯ ಹುಡುಗಿಯೊಬ್ಬಳು, "ಮೇಡಂ, ನಾ 'ನಾಟ್' ಬರೆಯೋದೇ ಬಿಟ್ಟೀನಿ, ಅದು ಓದಲೇ ಇಲ್ಲ!" ಎಂದು ಎದ್ದು ನಿಂತಳು. ಒಬ್ಬರಾದ ಮೇಲೊಬ್ಬರಂತೆ ಕೂಗತೊಡಗಿ ಲ್ಯಾಬು ಸಂತೆಯಾಯಿತು. ಎಲ್ಲ ತಪ್ಪೂ ಹೀಗೆ ಸಿಗುವುದಿಲ್ಲ, ನಿಜ. ಯೋಚನೆಯೇ ಅಡ್ಡದಾರಿ ಹಿಡಿದಿದ್ದರೆ ಅದನ್ನೂ ದನಿ ನಿರಾಳವಾಗಿ ಓದಿಬಿಡುತ್ತದೆ. ಆದರೂ ಎಷ್ಟೋ ಸಿಕ್ಕವು.

ಈಗ ನನ್ನ ಕೋಡನ್ನೂ ನಾನು ಕೇಳಿಯೇ ಕಳಿಸುತ್ತೇನೆ. ಮೊನ್ನೆ ವೇಗವನ್ನು ಇನ್ನೊಂದು ಹಂತ ಏರಿಸಿದರೆ ಅರ್ಧ ಮಾತ್ರ ತಿಳಿಯಿತು. ಗೆಳತಿಗೆ ಫೋನ್ ಮಾಡಿದೆ.

"ಇಳಿಸಬ್ಯಾಡ," ಎಂದಳು. "ನಾಕ್ ದಿನದಾಗ ಕಿವಿ ಹೊಂದತದ."

ನಾನು ಇಳಿಸಿಲ್ಲ.