ಉಪವಾಸದ ಗುಳಿಗೆ

ಶಾಂತಕ್ಕನ ಬಲಗೈ ಬೆರಳುಗಳು ಸದಾ ಒಂದಕ್ಕೊಂದು ಅಂಟಿಕೊಂಡಿರುತ್ತಿದ್ದವು. ಗಂಜಿಯೋ ಗೋಂದೋ, ಏನಾದರೊಂದು ಮೆತ್ತಿರುತ್ತಿತ್ತು. ಅರವತ್ತರ ದಶಕದಲ್ಲಿ, ಗಂಡ ತೀರಿದ ಮೇಲೆ, ವಿಜಾಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಅವನ ಸಣ್ಣ ಗುಳಿಗೆ ಕಾರಖಾನೆಯನ್ನು ಆಕೆಯೇ ನಡೆಸುತ್ತಿದ್ದಳು. ನಾನು ಅಲ್ಲಿ ಕೈಯಂತ್ರ ಒತ್ತುತ್ತಿದ್ದೆ.

ಔಷಧದ ಪುಡಿಗೆ ಜೋಳದ ಗಂಜಿ ಕಲಸಿ, ಜರಡಿಯಲ್ಲಿ ಒತ್ತಿ ರವೆ ಮಾಡಿ, ಒಣಗಿಸಿ ಯಂತ್ರಕ್ಕೆ ಹಾಕುತ್ತಿದ್ದೆವು. ಗಂಜಿ ತೆಳುವಾದರೆ ಹಳ್ಳಿಗೆ ಕಳಿಸಿದ ಗುಳಿಗೆ ಹೊನವಾಡದ ಬಸ್ಸಿನಲ್ಲೇ ಪುಡಿಯಾಗುತ್ತಿತ್ತು, ದಪ್ಪವಾದರೆ ಕಲ್ಲು. "ಗುಳಿಗಿ ಹಾದ್ಯಾಗ ಗಟ್ಟಿ ಇರಬೇಕು, ಹೊಟ್ಯಾಗ ಬಿಚ್ಚಬೇಕು," ಅನ್ನುತ್ತಿದ್ದಳು. ನನ್ನ ಒತ್ತು ಸಡಿಲಾದರೆ, ಇವತ್ತು ರೊಟ್ಟಿ ತಿಂದು ಬಂದಿಲ್ಲವೇನು ಎಂದು ಕಾಡುತ್ತಿದ್ದಳು.

ಏಕಾದಶಿ ಹಿಡಿದವರು ಮಾತ್ರ ಜೋಳ ಬೆರೆತ ಗುಳಿಗೆ ಮುಟ್ಟುತ್ತಿರಲಿಲ್ಲ. ಜ್ವರ ಬಂದರೂ ಸರಿ, ವ್ರತ ಕೆಡಬಾರದು. ಅವರಿಗೆಂದೇ ಶಾಂತಕ್ಕ ಗಂಜಿ ಬಿಟ್ಟು ಜಾಲಿಗಿಡದ ಗೋಂದಿನಲ್ಲಿ ಬೇರೆ ಗುಳಿಗೆ ಮಾಡುತ್ತಿದ್ದಳು.

ಒಂದು ಆಷಾಢ ಏಕಾದಶಿ, ನಮ್ಮೂರು ತಿಕೋಟಾದಲ್ಲಿ ನನ್ನ ಅವ್ವನಿಗೆ ಮೈ ಸುಡುವ ಜ್ವರ. ಬೆಳಗ್ಗೆ ಕೊಟ್ಟ ಉಪವಾಸದ ಗುಳಿಗೆಗೆ ಜ್ವರ ಇಳಿಯಲೇ ಇಲ್ಲ. ಅವ್ವ ಉಳಿಯುತ್ತಾಳೋ ಇಲ್ಲವೋ ಎಂದು ಹೆದರಿ ಬಸ್ಸು ಹಿಡಿದು ಕಾರಖಾನೆಗೆ ಬಂದೆ. ಶಾಂತಕ್ಕ ಅದೇ ಗುಳಿಗೆಗಳಲ್ಲೊಂದನ್ನು ತಾಮ್ರದ ಬಟ್ಟಲಿನ ನೀರಿಗೆ ಹಾಕಿ ನೋಡುತ್ತ ಕೂತಳು. ಒಲೆಯ ಮೇಲಿನ ಚಹಾ ಕುದಿದು ಆರಿದರೂ ಅದು ಹಾಗೇ ಬಿದ್ದಿತ್ತು.

"ಬಸ್ನ್ಯಾಗ ಒಡೀಬಾರದಂತ ಗೋಂದ ದಪ್ಪ ಮಾಡೇನಿ. ನಿಮ್ಮವ್ವನ ಹೊಟ್ಯಾಗೂ ಹಿಂಗ ಕುಂತಿರತೈತಿ. ನಡಿ," ಅಂದು ಸೆರಗು ಸಿಕ್ಕಿಸಿ ಹೊರಟೇಬಿಟ್ಟಳು.

ನಮ್ಮ ಮನೆಯಲ್ಲಿ ಗುಳಿಗೆಯನ್ನು ನುಣ್ಣಗೆ ಅರೆದು ಬಿಸಿನೀರಿನಲ್ಲಿ ಕದಡಿದಳು. ಅದರಲ್ಲಿ ಜೋಳ ಐತೇನು ಎಂದು ಅವ್ವ ಅಷ್ಟು ಸಂಕಟದಲ್ಲೂ ಕೇಳಿದಳು. ಗಿಡದ ಅಂಟು ಎಂದು ಶಾಂತಕ್ಕ ಆಣೆ ಮಾಡಿದ ಮೇಲೆಯೇ ಕುಡಿದಳು. ದೀಪ ಹಚ್ಚುವ ಹೊತ್ತಿಗೆ ಹಣೆ ಬೆವರಿತು. ನನಗೆ ಹೋದ ಜೀವ ಬಂದಂತಾಯಿತು, ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ. ಶಾಂತಕ್ಕ ಗೋಡೆಗೆ ಒರಗಿದಳು. "ಯಾರರ ಒಂದು ರೊಟ್ಟಿ ಕೊಡ್ರಿ. ನನಗೇನು ಏಕಾದಶಿ ಇಲ್ಲ," ಅಂದಳು. ಮರುದಿನ ಉಳಿದ ಉಪವಾಸದ ಗುಳಿಗೆಗಳನ್ನೆಲ್ಲ ಕುಟ್ಟಿ, ತೆಳು ಗೋಂದಿನಲ್ಲಿ ಮತ್ತೆ ಕಲಸಿದೆವು.

ಎಷ್ಟೋ ವರ್ಷಗಳ ಮೇಲೆ, ಕೊನೆಯ ಸಲ ನಾನು ಕಂಡಾಗ ಶಾಂತಕ್ಕ ಹಾಸಿಗೆ ಹಿಡಿದಿದ್ದಳು. ದವಾಖಾನೆಯ ಗುಳಿಗೆ ಕೈಗಿಟ್ಟರೆ ನುಂಗಲಿಲ್ಲ, ನೀರಿನ ಬಟ್ಟಲಿನತ್ತ ಕಣ್ಸನ್ನೆ ಮಾಡಿದಳು. ನೀರಿಗೆ ಹಾಕಿದೆ. ಅದು ಅರಳಿ, ಸದ್ದಿಲ್ಲದೆ ಚದುರಿತು. ಶಾಂತಕ್ಕನ ಮುಖ ಹಗುರಾಯಿತು.

"ಬಿಚ್ಚಿತು," ಅಂದಳು. "ಇನ್ನೊಂದು ಕೊಡು, ನುಂಗತೇನಿ."