ನಾನು ಬಿಗಿದ ಗಂಟು

1989ರ ಡಿಸೆಂಬರ್ ತಿಂಗಳು. ಆಗ ನಾನು ಅಫಜಲಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಡ್ರಿಲ್ ಮಾಸ್ತರ. ಸೊನ್ನದ ಹತ್ತಿರ ಭೀಮಾ ನದಿಯಲ್ಲಿ ನಮ್ಮಂಥ ಎಂಟು ಮಾಸ್ತರರಿಗೆ, ಅಂಗವಿಕಲರಿಗೂ ದೋಣಿ ನಡೆಸಲು ಕಲಿಸುವ ತರಬೇತಿ ನಡೆದಿತ್ತು. ಕೊನೆಯ ದಿನ ಪರೀಕ್ಷೆ. ಅಂಗವಿಕಲರೊಬ್ಬರನ್ನು ದೋಣಿಯಲ್ಲಿ ಕೂರಿಸಿ, ಅವರ ಕೈಯಿಂದಲೇ ಹುಟ್ಟು ಹಾಕಿಸಬೇಕು.

ನನ್ನ ಪಾಲಿಗೆ ಬಂದವರು ಜೇವರ್ಗಿ ಕಡೆಯ ಅಂದೋಲಾ ಊರಿನ ಕಸ್ತೂರಿಬಾಯಿ. ಪೋಲಿಯೊದಿಂದ ಎರಡೂ ಕಾಲಿನ ಬಲ ಹೋಗಿತ್ತು. ಕೈಮಷಿನ್ ತಿರುವಿ ಬಟ್ಟೆ ಹೊಲಿಯುವ ಅವರ ತೋಳುಗಳು ನನ್ನವಕ್ಕಿಂತ ಗಟ್ಟಿ. ಹುಟ್ಟು ಹಾಕಲು ಕಲಿಯಬೇಕೆಂದು ಎರಡು ಬಸ್ಸು ಬದಲಿಸಿ ಬಂದಿದ್ದರು. ನಾನೋ ಎಲ್ಲ ಬಲ್ಲವನಂತೆ, ಬಂಡಿಗೆ ಚೀಲ ಬಿಗಿಯುವ ಹಾಗೆ, ಅವರ ಕಾಲುಗಳನ್ನು ನನ್ನ ಟವೆಲಿನಿಂದ ದೋಣಿಯ ಹಲಗೆಗೆ ಕಟ್ಟಲು ಹೋದೆ.

"ಕಟ್ಟಬ್ಯಾಡ್ರಿ ಮಾಸ್ತರ, ನನಗ ಈಸಾಕ ಬರ್ತದ. ಬಿದ್ರ ತೇಲ್ತೇನಿ" ಎಂದರು.

"ಸುಮ್ಮ ಕೂಡಬೇ. ಏನರ ಆದ್ರ ಜವಾಬ್ ಕೊಡಾಂವ ನಾನು!" ಎಂದು ಗದರಿಸಿ ಗಂಟು ಬಿಗಿದೆ.

ದಂಡೆಯಿಂದ ಸ್ವಲ್ಪ ದೂರ ಹೋದ ಮೇಲೆ ಹುಟ್ಟನ್ನು ಅವರಿಗೆ ಕೊಡಲು ಎದ್ದು ನಿಂತೆ. ದೋಣಿಯಲ್ಲಿ ಏಳಬಾರದೆಂದು ಮೂರು ದಿನ ಹೇಳಿಸಿಕೊಂಡಿದ್ದೆ. ದೋಣಿ ಮಗುಚಿತು. ನೀರು ನನ್ನ ಎದೆಮಟ್ಟ ಮಾತ್ರ, ನಾನು ನಿಂತುಕೊಂಡೆ. ಕಸ್ತೂರಿಬಾಯಿ ದೋಣಿಯಡಿಯಲ್ಲಿ ತಲೆಕೆಳಗಾಗಿದ್ದರು. ಒದ್ದೆಯಾದ ಗಂಟು ನನ್ನ ಕೈಯಿಂದ ಬಿಚ್ಚಲಾಗಲೇ ಇಲ್ಲ. ದಂಡೆಯಲ್ಲಿದ್ದ ಅಂಬಿಗ ಸಿದ್ದಪ್ಪ ಧುಮುಕಿ ಬಂದು ಕುಡುಗೋಲಿನಿಂದ ಟವೆಲು ಕೊಯ್ದ. ಜೀವ ಉಳಿಯಿತು.

ಅವರನ್ನು ದಂಡೆಗೆ ತಂದು ಮಲಗಿಸಿದಾಗ ತರಬೇತಿ ಕೊಡುವ ಸಾಹೇಬರು ಕೇಳಿದರು, "ಕಟ್ಟಿದ್ದು ಯಾಕೆ?"

"ಅವರೇ ಹೆದರಿ ಕಟ್ರಿ ಅಂದ್ರು ಸರ್."

ಅದು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು. ಕಸ್ತೂರಿಬಾಯಿ ನೀರು ಕಾರುತ್ತಿದ್ದರು, ಮಾತು ಹೊರಡಲಿಲ್ಲ. "ಹೆದರುವವರಿಗೆ ಇದೆಲ್ಲ ಬೇಡ" ಎಂದು ಸಾಹೇಬರು ಪರೀಕ್ಷೆಯನ್ನೇ ನಿಲ್ಲಿಸಿದರು. ಸರದಿಗಾಗಿ ಕಾದು ಕೂತಿದ್ದ ಉಳಿದ ಅಂಗವಿಕಲರೂ ಹುಟ್ಟು ಮುಟ್ಟದೆ ವಾಪಸಾದರು. ನನಗಾದರೋ ಉಳಿದ ಮಾಸ್ತರರ ಜೊತೆ ಸರ್ಟಿಫಿಕೇಟ್ ಸಿಕ್ಕಿತು.

ಟೆಂಪೊ ಹತ್ತಿಸುವಾಗ ಕಸ್ತೂರಿಬಾಯಿ ನನ್ನನ್ನು ಹತ್ತಿರ ಕರೆದರು. ಬೈಯುತ್ತಾರೆಂದುಕೊಂಡೆ. ದನಿ ಏರಿಸಲಿಲ್ಲ.

"ಗಂಟು ಹಾಕಿದಾವ್ರು ನೀವು. ಹೆದರಿಕಿ ಮಾತ್ರ ನಂದಂತ ಹೇಳಿದ್ರಿ. ನಾ ಹೆದರಿದಾಕಿ ಆಗಿದ್ರ ಇಲ್ಲಿತನಕ ಬರ್ತಿದ್ನೇನ್ರಿ?"

ಸಾಹೇಬರು ಹತ್ತು ಹೆಜ್ಜೆ ದೂರದಲ್ಲೇ ಇದ್ದರು. ಹೋಗಿ ನಿಜ ಹೇಳಿದ್ದರೆ ಅಂದೇ ಎಲ್ಲ ಸರಿಹೋಗುತ್ತಿತ್ತೋ ಏನೋ. ಹೇಳಲಿಲ್ಲ. ಆಮೇಲೆ ಜೇವರ್ಗಿಯವರೆಗೆ ಎರಡು ಸಲ ಹೋದೆ, ಅಂದೋಲಾದ ಬಸ್ಸು ಹತ್ತುವ ಧೈರ್ಯ ಬರಲಿಲ್ಲ. ಅಂದು ಹೆದರಿದ್ದು ನಾನು. ಇಷ್ಟನ್ನು ಬರೆಯಲೂ ನನಗೆ ಇಷ್ಟು ವರ್ಷ ಬೇಕಾದವು.